‘ಆ’, ‘ಅವ’, ‘ಅವನ್ನ’: ಗಂಡುಗುರುತಿನ ನಿರ್ದೇಶನ ಮತ್ತು ತಿಳವಳ್ಳಿ ಸೀಮೆಯ ಕಥನಭಾಷೆ

ಫ್ರೆಂಚ್ ಭಾಷೆಯಲ್ಲಿ ‘ಲ’ ಎಂದು ಉಚ್ಚರಿಸಲ್ಪಡುವ ಒಂದು ಪುಟ್ಟ ಪದವಿದೆ. ಅದು ಪುಲ್ಲಿಂಗದ ನಾಮಪದಕ್ಕೆ ಮೊದಲು ಬಂದರೆ ‘ಆ ಗೊತ್ತಿರುವ’ ಎಂಬಂಥ ನಿಶ್ಚಿತಾರ್ಥವನ್ನು ಕೊಡುತ್ತದೆ. ಕ್ರಿಯಾಪದಕ್ಕೆ ಮೊದಲು ಬಂದರೆ ‘ಅವನನ್ನು’ ಅಥವಾ ‘ಅದನ್ನು’ ಎಂಬ ಕರ್ಮಸರ್ವನಾಮವಾಗುತ್ತದೆ. ರೂಪ ಒಂದೇ, ಕೆಲಸ ಎರಡು. ಎರಡನ್ನು ಬೇರ್ಪಡಿಸುವ ಸೂಕ್ಷ್ಮವೂ ಆ ಭಾಷೆಯಲ್ಲಿದೆ. ‘ದ’ ಎಂಬ ಸಂಬಂಧಸೂಚಕದೊಡನೆ ಸೇರಿದಾಗ ನಿರ್ದೇಶಕ ‘ಲ’ ಕರಗಿ ‘ದ್ಯು’ ಎಂದಾಗುತ್ತದೆ. ಸರ್ವನಾಮ ‘ಲ’ ಮಾತ್ರ ಅದೇ ‘ದ’ದ ಪಕ್ಕದಲ್ಲಿ ಕರಗದೆ ನಿಲ್ಲುತ್ತದೆ. ಈ ಎರಡೂ ‘ಲ’ಗಳ ಮೂಲ ಲ್ಯಾಟಿನ್ನಿನ ‘ಇಲ್ಲೆ’ ಎಂಬ ದೂರನಿರ್ದೇಶಕ ಪದ. ಅಂದರೆ ನಮ್ಮ ‘ಆ’ ಮತ್ತು ‘ಅವ’ ಇದ್ದಂತೆಯೇ ಒಂದು ಬೆರಳು ತೋರಿಸುವ ಪದವು ಶತಮಾನಗಳ ಬಳಕೆಯಲ್ಲಿ ಸವೆದು, ಬೆರಳನ್ನು ಮಡಚಿಕೊಂಡು, ಬರಿಯ ಗುರುತಾಗಿ ಉಳಿದಿದೆ.

ಕನ್ನಡಕ್ಕೆ ಇಂಥ ಪ್ರತ್ಯೇಕ ನಿರ್ದೇಶಕ ಪದವಿಲ್ಲ. ಇಲ್ಲವೆಂದ ಮಾತ್ರಕ್ಕೆ ಆ ಅರ್ಥವಿಲ್ಲವೆನ್ನಲಾಗದು. ಫ್ರೆಂಚ್ ಭಾಷೆ ಒಂದೇ ಪದಕ್ಕೆ ವಹಿಸಿದ ಕೆಲಸವನ್ನು ಕನ್ನಡವು ಮೂರು ನಾಲ್ಕು ಕಡೆ ಹಂಚಿದೆ: ‘ಆ’ಕಾರಕ್ಕೆ, ದ್ವಿತೀಯಾ ವಿಭಕ್ತಿಗೆ, ನಾಮಪದದ ಬಾಲಕ್ಕೆ ಹತ್ತಿದ ಅಣ್ಣ-ಅಪ್ಪ-ರಾಯಗಳಿಗೆ, ಕ್ರಿಯಾಪದದ ಕೊನೆಯ ಲಿಂಗಪ್ರತ್ಯಯಕ್ಕೆ. ಈ ಹಂಚಿಕೆಯನ್ನು ಹಾನಗಲ್ಲ ತಾಲೂಕಿನ ತಿಳವಳ್ಳಿ ಮತ್ತು ಸುತ್ತಲಿನ ಸೀಮೆಯ ಮಾತು-ಕಥೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವ್ಯಾಕರಣದ ಕುತೂಹಲವಷ್ಟೇ ಇದಕ್ಕೆ ಕಾರಣವಲ್ಲ. ಬಾಯಿಂದ ಬಂದ ಕಥೆಯನ್ನು ಅಕ್ಷರಕ್ಕಿಳಿಸುವಾಗ ಈ ಪುಟ್ಟ ರೂಪಗಳನ್ನು ನಾವು ಹೇಗೆ ‘ತಿದ್ದುತ್ತೇವೆ’ ಎಂಬುದರ ಮೇಲೆ ಕಥೆಯಲ್ಲಿ ಯಾರು ಮನುಷ್ಯರು, ಯಾರು ವಸ್ತುಗಳು ಎಂಬುದೇ ಬದಲಾಗಿಬಿಡುತ್ತದೆ.

ತಿಳವಳ್ಳಿ ಹಾನಗಲ್ಲಿನ ದಕ್ಷಿಣಕ್ಕೆ, ಬಯಲು ಮುಗಿದು ಮಲೆನಾಡಿನ ಸೆರಗು ತೊಡಗುವ ಕಡೆ ಇದೆ. 13ನೆಯ ಶತಮಾನದ, ಸೇವುಣರ ಕಾಲದ ಶಾಂತೇಶ್ವರ ದೇವಾಲಯದಿಂದ ಈ ಊರು ಪ್ರಸಿದ್ಧ. ಹಿಂದೆ ಪಾನುಂಗಲ್ಲು ಐನೂರು ಎಂದು ಶಾಸನಗಳು ಕರೆದ ನಾಡು ಇದೇ; 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು ಆಮೇಲೆ ಹಾವೇರಿ ಜಿಲ್ಲೆಗೆ ಸೇರಿತು. ಒಂದು ಕಡೆ ಧಾರವಾಡದ ಮಾತು, ಇನ್ನೊಂದು ಕಡೆ ಸೊರಬ-ಶಿಕಾರಿಪುರದ ಮಾತು. ಎರಡರ ನಡುವೆ ನಿಂತ ಈ ಸೀಮೆಯ ಆಡುನುಡಿಯಲ್ಲಿ ಸರ್ವನಾಮಗಳ ರೂಪವೈವಿಧ್ಯ ಹೆಚ್ಚು.

ಮೊದಲಿಗೆ ವ್ಯಾಕರಣ ಪರಂಪರೆಯನ್ನು ನೋಡೋಣ. ಸುಮಾರು 1260ರ ಕೇಶಿರಾಜನ ‘ಶಬ್ದಮಣಿದರ್ಪಣ’ದ ಕಾಲಕ್ಕೆ ಕನ್ನಡದಲ್ಲಿ ಬೆರಳು ತೋರಿಸುವ ಬಗೆ ಮೂರಿದ್ದವು: ದೂರಕ್ಕೆ ‘ಅವಂ’, ಹತ್ತಿರಕ್ಕೆ ‘ಇವಂ’, ನಡುವಿನದಕ್ಕೆ ‘ಉವಂ’. ಈ ‘ಉ’ಕಾರ ಮುಂದೆ ಬಳಕೆಯಿಂದ ಬಿದ್ದುಹೋಯಿತು. ಉಳಿದ ಎರಡರಲ್ಲಿ ‘ಆ’ ತನ್ನ ಮೂಲದ ದೂರಾರ್ಥವನ್ನು ಅಷ್ಟಿಷ್ಟು ಬಿಟ್ಟುಕೊಟ್ಟು ‘ಹಿಂದೆ ಹೇಳಿದ’ ಎಂಬ ಅರ್ಥಕ್ಕೂ ನಿಂತಿತು. ಲ್ಯಾಟಿನ್ನಿನ ‘ಇಲ್ಲೆ’ ನಡೆದ ದಾರಿಯಲ್ಲೇ ಅದೂ ಹೆಜ್ಜೆ ಇಟ್ಟಿತಾದರೂ ಕೊನೆಯವರೆಗೆ ಹೋಗಲಿಲ್ಲ.

ಪಾಶ್ಚಾತ್ಯ ವಿದ್ವಾಂಸರು ಕನ್ನಡಕ್ಕೆ ವ್ಯಾಕರಣ ಬರೆಯತೊಡಗಿದಾಗ ತಮ್ಮ ಭಾಷೆಗಳ ನಿರ್ದೇಶಕವನ್ನು ಇಲ್ಲಿ ಹುಡುಕಿದ್ದು ಸಹಜ. ವಿಲಿಯಂ ಕೇರಿ (1817), ಜಾನ್ ಮೆಕೆರೆಲ್ (1820), ಥಾಮಸ್ ಹಡ್ಸನ್ (1859) ಮೊದಲಾದವರಿಂದ ಕಿಟೆಲ್ಲರ 1903ರ ವ್ಯಾಕರಣದವರೆಗೆ ಸಾಗಿದ ಈ ಪರಂಪರೆಯ ಕೃಷಿ ದೊಡ್ಡದು. ಕಾಲ್ಡ್‌ವೆಲ್ಲರ 1856ರ ತೌಲನಿಕ ವ್ಯಾಕರಣವು ದ್ರಾವಿಡ ಭಾಷೆಗಳ ಲಿಂಗವ್ಯವಸ್ಥೆ ಅರ್ಥವನ್ನು ಅನುಸರಿಸುವುದೇ ಹೊರತು ಶಬ್ದವನ್ನಲ್ಲ ಎಂಬುದನ್ನು ಯುರೋಪಿನವರಿಗೆ ಮನಗಾಣಿಸಿತು. ಫ್ರೆಂಚರ ಪಾಲೂ ಇದರಲ್ಲಿದೆ. ಮೈಸೂರು ಸೀಮೆಯಲ್ಲಿದ್ದ ಫ್ರೆಂಚ್ ಮಿಷನ್ನಿನ ಬಿಷಪ್ಪರ ಲ್ಯಾಟಿನ್-ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಫ್ರೆಂಚರೇ ಆದ ಝೂಲ್ ಬ್ಲಾಕ್ ಅವರು ದ್ರಾವಿಡ ಭಾಷೆಗಳ ವ್ಯಾಕರಣರಚನೆಯ ಮೇಲೆ 1946ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ವಿದ್ವಾಂಸರ ಕೈಯಲ್ಲಿದೆ. ಆದರೆ ‘ಆ’ ಪದವೇ ನಿರ್ದೇಶಕದ ಬದಲಿ ಎಂದು ತೀರ್ಮಾನಿಸಿ ಮುಂದಕ್ಕೆ ಹೋದವರು ದ್ವಿತೀಯಾ ವಿಭಕ್ತಿಯ ಬಾಗಿಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಿತ್ತು.

ಕೇಶಿರಾಜನ ಪರಂಪರೆ ‘ಕಣ್ಮುಚ್ಚು’, ‘ಮೈದೊಳೆ’ ಮೊದಲಾದವನ್ನು ಕ್ರಿಯಾಸಮಾಸ ಎಂದು ಕರೆದು ಅಲ್ಲಿ ದ್ವಿತೀಯೆ ಲೋಪವಾಗಿದೆ ಎನ್ನುತ್ತದೆ. ಲೋಪ ಎಂಬ ಮಾತು ರೂಪದ ದೃಷ್ಟಿಯಿಂದ ಸರಿ. ಅರ್ಥದ ದೃಷ್ಟಿಯಿಂದ ಅಲ್ಲಿ ಏನೋ ಬಿದ್ದುಹೋಗಿಲ್ಲ, ಬೇರೊಂದು ಅರ್ಥವೇ ಹುಟ್ಟಿದೆ. ನಮ್ಮ ನಾಡಿನ ವೀರಗಲ್ಲುಗಳನ್ನು ಓದಿದವರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ದನ ಹಿಡಿಯುವ ದಾಳಿಗೆ ‘ತುರುಗೊಳ್’ ಎಂಬ ಸಮಾಸ. ಇಲ್ಲಿ ತುರುವಿಗೆ ವಿಭಕ್ತಿಯಿಲ್ಲ; ಯಾವ ತುರು, ಯಾರ ತುರು ಎಂಬ ಪ್ರಶ್ನೆಯೂ ಇಲ್ಲ, ಅದೊಂದು ಕೃತ್ಯದ ಹೆಸರು. ಊರಿನ ವೀರನೊಬ್ಬ ಬೆನ್ನಟ್ಟಿ ದನಗಳನ್ನು ಬಿಡಿಸಿ ತಂದು ಮಡಿದಾಗ ಮಾತ್ರ ‘ತುರುವಂ ಮಗುಳ್ಚಿ’ ಎಂದು ಬರುತ್ತದೆ. ಈಗ ಅವು ಯಾವುವೋ ದನಗಳಲ್ಲ, ಈ ಊರಿನ ಕೊಟ್ಟಿಗೆಯಿಂದ ಹೋದ ಆ ದನಗಳೇ. ಫ್ರೆಂಚಿನವನು ನಿರ್ದೇಶಕ ಪದದಿಂದ ಹೇಳುವುದನ್ನು ಶಾಸನ ಬರೆದವನು ‘ಅಂ’ ಎಂಬ ಒಂದು ಪ್ರತ್ಯಯದಿಂದ ಹೇಳಿದ್ದಾನೆ.

ಇಂದಿನ ಆಡುಮಾತಿನಲ್ಲೂ ಈ ವ್ಯವಸ್ಥೆ ಜೀವಂತವಾಗಿದೆ. ‘ನೀರು ತಾ’ ಎಂದರೆ ಯಾವುದಾದರೂ ನೀರು; ‘ನೀರನ್ನ ತಾ’ ಎಂದರೆ ಮೊದಲೇ ತುಂಬಿಟ್ಟ, ಇಬ್ಬರಿಗೂ ಗೊತ್ತಿರುವ ನೀರು. ಮನುಷ್ಯವಾಚಕಗಳಿಗೆ ಈ ಆಯ್ಕೆ ಸಾಮಾನ್ಯವಾಗಿ ಇರುವುದಿಲ್ಲ: ‘ಹುಡುಗನ್ನ ಕರಿ’ ಎನ್ನಬೇಕೇ ಹೊರತು ‘ಹುಡುಗ ಕರಿ’ ಎನ್ನಲಾಗದು. ವಿಭಕ್ತಿ ಹತ್ತುವುದು ಮನುಷ್ಯನೆನ್ನಿಸಿಕೊಳ್ಳುವುದರ ಒಂದು ಲಕ್ಷಣ ಎನ್ನಬಹುದು. ಇದಕ್ಕೊಂದು ದೊಡ್ಡ ಅಪವಾದ ಮದುವೆಯ ಮಾತುಕತೆ. ‘ಹೆಣ್ಣು ನೋಡಾಕ ಹೋಗ್ಯಾರ’, ‘ಗಂಡು ಹುಡುಕಾಕ ಹತ್ಯಾರ’, ‘ಹೆಣ್ಣು ಕೊಟ್ಟು ಹೆಣ್ಣು ತಂದರು’: ಇಲ್ಲೆಲ್ಲ ಮನುಷ್ಯರೇ ಕರ್ಮ, ಆದರೆ ವಿಭಕ್ತಿಯಿಲ್ಲ. ‘ಹೆಣ್ಣು’, ‘ಗಂಡು’ ಎರಡೂ ವ್ಯಾಕರಣದಲ್ಲಿ ನಪುಂಸಕ. ನೋಡುವ, ಕೊಡುವ, ತರುವ ಸಾಮಾನುಗಳ ಸಾಲಿನಲ್ಲಿ ಅವು ನಿಲ್ಲುತ್ತವೆ. ಸಂಬಂಧ ಗಟ್ಟಿಯಾದ ಮೇಲೆ ‘ಗಂಡು’ ಎಂಬುದು ‘ಗಂಡ’ ಆಗಿ ಪುಲ್ಲಿಂಗಕ್ಕೆ ಏರುತ್ತದೆ. ‘ಗಂಡನ್ನ’ ಎಂದು ವಿಭಕ್ತಿ ಪಡೆಯುತ್ತದೆ. ‘ಹೆಣ್ಣು’ ‘ಹೆಂಡತಿ’ಯಾಗಿ ವಿಭಕ್ತಿ ಪಡೆದರೂ ಈ ಸೀಮೆಯ ಗಂಡಸರ ಮಾತಿನಲ್ಲಿ ಆಕೆ ಅನೇಕ ವೇಳೆ ‘ಅದು’ ಆಗಿಯೇ ಉಳಿಯುತ್ತಾಳೆ. ಈ ವಿಚಾರಕ್ಕೆ ಮುಂದೆ ಬರುತ್ತೇನೆ.

ಕಥೆ ಹೇಳುವವರ ಬಾಯಲ್ಲಿ ನಿರ್ದೇಶನದ ಕ್ರಮ ಇನ್ನಷ್ಟು ಸ್ಪಷ್ಟ. ಕಥೆ ‘ಒಂದೂರಾಗ ಒಬ್ಬ ರಾಜ ಇದ್ದ’ ಎಂದು ತೊಡಗುತ್ತದೆ. ಎರಡನೆಯ ವಾಕ್ಯ ‘ಆ ರಾಜಗ ಮೂರು ಮಂದಿ ಮಕ್ಕಳು’. ಮೂರನೆಯದರ ಹೊತ್ತಿಗೆ ರಾಜ ಹೋಗಿ ‘ಅವ’ ಉಳಿಯುತ್ತಾನೆ. ನಾಲ್ಕನೆಯದರಲ್ಲಿ ಅವನೂ ಹೋಗಿ ‘ಬಂದ’, ‘ಹ್ವಾದ’ ಎಂಬ ಕ್ರಿಯಾಪದದ ಕೊನೆಯ ಅಕಾರವಷ್ಟೇ ಅವನ ಗುರುತು. ಒಬ್ಬ, ಆ, ಅವ, ಬರಿಯ ಪ್ರತ್ಯಯ: ಪಾತ್ರ ಕೇಳುಗನಿಗೆ ಹತ್ತಿರವಾದಷ್ಟೂ ಪದ ಸವೆಯುತ್ತ ಹೋಗುತ್ತದೆ. ಹೊಸ ಪಾತ್ರ ಬಂದು ಗೊಂದಲವಾಗುವ ಭಯವಿದ್ದಾಗ ಕಥೆಗಾರ್ತಿ ಮತ್ತೆ ‘ಆ ರಾಜ’ ಎಂದು ಮೇಲಿನ ಮೆಟ್ಟಿಲಿಗೆ ಹೋಗುತ್ತಾಳೆ. ಇದನ್ನು ಯಾರೂ ಆಕೆಗೆ ಕಲಿಸಿಕೊಟ್ಟಿಲ್ಲ.

ದಕ್ಷಿಣದ ಕಥೆಗಳು ಫ್ರೆಂಚಿಗೆ ಹೋದಾಗ ಏನಾಯಿತೆಂಬುದಕ್ಕೆ ಒಳ್ಳೆಯ ನಿದರ್ಶನವೊಂದಿದೆ. 1792ರಲ್ಲಿ ಭಾರತಕ್ಕೆ ಬಂದು, 1799ರ ನಂತರ ಮೈಸೂರು ಸೀಮೆಯಲ್ಲಿ ನೆಲೆಸಿ, 1823ರಲ್ಲಿ ಮರಳಿದ ಫ್ರೆಂಚ್ ಪಾದ್ರಿ ಅಬೆ ದ್ಯುಬ್ವಾ ಇಲ್ಲಿನ ಆಚಾರ ವಿಚಾರಗಳ ಗ್ರಂಥದಿಂದ ನಮಗೆ ಪರಿಚಿತ. ಆತ 1826ರಲ್ಲಿ ಪ್ಯಾರಿಸ್ಸಿನಲ್ಲಿ ಪಂಚತಂತ್ರದ ಕಥೆಗಳನ್ನು ಪ್ರಕಟಿಸಿದ. ತಮಿಳು, ತೆಲುಗು, ಕನ್ನಡದ ಪ್ರತಿಗಳು ಆತನಿಗೆ ಆಧಾರವಾಗಿದ್ದವು. ದುರ್ಗಸಿಂಹ 1031ರಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದರೂ ದ್ಯುಬ್ವಾ ಕೈಗೆ ಸಿಕ್ಕದ್ದು ಜನರ ನಡುವೆ ಓಡಾಡುತ್ತಿದ್ದ ದಕ್ಷಿಣದ ಪಾಠಗಳು. ಆತನ ಪುಸ್ತಕದ ಶೀರ್ಷಿಕೆಯನ್ನೇ ಗಮನಿಸಬೇಕು. ಅದು ‘ಲ ಪಂಚತಂತ್ರ’ ಎಂದು ತೊಡಗಿ, ‘ದ್ಯು ಬ್ರಾಮ್ ವಿಷ್ಣುಶರ್ಮ’, ಅಂದರೆ ‘ಬ್ರಾಹ್ಮಣ ವಿಷ್ಣುಶರ್ಮನ’ ಕಥೆಗಳು ಎಂದು ಮುಂದುವರಿಯುತ್ತದೆ. ಬ್ರಾಹ್ಮಣನಿಗೆ ಗಂಡುಗುರುತು ಬಂದದ್ದು ಸರಿಯೇ. ಆದರೆ ಸಂಸ್ಕೃತದಲ್ಲೂ ಕನ್ನಡದಲ್ಲೂ ನಪುಂಸಕವಾದ ಪಂಚತಂತ್ರ ಫ್ರೆಂಚಿನ ಹೊಸ್ತಿಲು ದಾಟಿದೊಡನೆ ಗಂಡಾಯಿತು. ಆ ಭಾಷೆಯಲ್ಲಿ ಮೂರನೆಯ ಲಿಂಗವಿಲ್ಲ. ಲ್ಯಾಟಿನ್ನಿನ ನಪುಂಸಕ ಶಬ್ದಗಳು ಬಹುಮಟ್ಟಿಗೆ ಪುಲ್ಲಿಂಗದಲ್ಲೇ ಕರಗಿದವು. ‘ಅದು ನನಗೆ ಗೊತ್ತು’ ಎನ್ನುವಾಗಿನ ‘ಅದು’ ಸಹ ಅಲ್ಲಿ ಪುಲ್ಲಿಂಗದ ‘ಲ’ವೇ.

ಪ್ರಾಣಿಗಳ ಕಥೆಯಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಲಾ ಫೋಂತೇನ್ ತನ್ನ 1678ರ ನೀತಿಕಥೆಗಳ ಸಂಪುಟಕ್ಕೆ ಭಾರತದ ಪಿಲ್ಪೇ ಎಂಬ ಜ್ಞಾನಿಗೆ ಋಣಿಯೆಂದು ಹೇಳಿಕೊಂಡಿದ್ದಾನೆ. ಆತನ ಭಾಷೆಯಲ್ಲಿ ಕಾಗೆಯೂ ನರಿಯೂ ಹುಟ್ಟಿನಿಂದಲೇ ಪುಲ್ಲಿಂಗ; ಇರುವೆ ಸ್ತ್ರೀಲಿಂಗ. ಕಥೆಗಾರನಿಗೆ ಅಲ್ಲಿ ಆಯ್ಕೆಯಿಲ್ಲ. ಕನ್ನಡದಲ್ಲಿ ಕಾಗೆ, ಗುಬ್ಬಿ, ನರಿ, ಹುಲಿ ಎಲ್ಲವೂ ‘ಅದು’. ಅವು ಕಥೆಯಲ್ಲಿ ಮಾತಾಡಬೇಕಾದರೆ ನೆಂಟಸ್ತಿಕೆಯ ಬಾಲ ಬೇಕು. ಕಾಗೆ ಕಾಗಕ್ಕನಾಗುತ್ತದೆ, ಗುಬ್ಬಿ ಗುಬ್ಬಕ್ಕನಾಗುತ್ತದೆ, ಹುಲಿ ಹುಲಿರಾಯನಾಗುತ್ತದೆ. ‘ಹುಲಿಯನ್ನ’ ಎಂಬಲ್ಲಿದ್ದ ಯಕಾರ ಹೋಗಿ ‘ಹುಲಿರಾಯನ್ನ’ ಎಂಬ ಪುಲ್ಲಿಂಗದ ನಕಾರ ಬರುತ್ತದೆ. ಕ್ರಿಯಾಪದ ‘ಬಂತು’ ಎಂಬುದನ್ನು ಬಿಟ್ಟು ‘ಬಂದ’ ಎನ್ನುತ್ತದೆ. ಗೋವಿನ ಹಾಡಿನ ಹುಲಿಗೆ ಒಂದು ಗಂಡು ಹೆಸರಿರುವುದೂ ಇದೇ ಕಾರಣಕ್ಕೆ: ಹೆಸರಿಲ್ಲದ ಹುಲಿಗೆ ಪಶ್ಚಾತ್ತಾಪ ಬರುವುದು ಕಷ್ಟ. ಫ್ರೆಂಚಿನಲ್ಲಿ ಲಿಂಗವು ಶಬ್ದಕ್ಕೆ ಅಂಟಿದ್ದರೆ ನಮ್ಮಲ್ಲಿ ಅದು ಸಮುದಾಯ ಕೊಡುವ ಸದಸ್ಯತ್ವ.

ಈ ಸದಸ್ಯತ್ವ ಕಥೆಗಷ್ಟೇ ಸೀಮಿತವಲ್ಲ. ಮಣ್ಣೆತ್ತಿನ ಅಮವಾಸ್ಯೆಯಂದು ಕೆರೆಯ ಮಣ್ಣು ತಂದು ಎತ್ತು ಮಾಡುತ್ತಾರೆ. ‘ಮಣ್ಣು ತಂದರು’, ‘ಎತ್ತು ಮಾಡಿದರು’ ಎಂಬಲ್ಲಿ ವಿಭಕ್ತಿಯಿಲ್ಲ, ಲಿಂಗವೂ ಇಲ್ಲ. ಜಗುಲಿಯ ಮೇಲಿಟ್ಟು ಪೂಜೆ ಮಾಡುವ ಹೊತ್ತಿಗೆ ಅದೇ ಮಣ್ಣು ‘ಬಸವಣ್ಣ’. ಆಗ ‘ಬಸವಣ್ಣನ್ನ ಕೂರಿಸಿದರು’ ಎನ್ನಬೇಕು. ಭಾದ್ರಪದದ ಜೋಕುಮಾರನದೂ ಇದೇ ಬಗೆ. ಮಣ್ಣಿನಿಂದ ರೂಪುಗೊಂಡು ಬುಟ್ಟಿಯಲ್ಲಿ ಕುಳಿತ ಕ್ಷಣದಿಂದ ಅವನು ಅವನೇ; ಹೆಂಗಸರು ‘ಅವನ್ನ’ ಹೊತ್ತು ಮನೆಮನೆಗೆ ತರುತ್ತಾರೆ, ‘ಅವಗ’ ಬೆಣ್ಣೆ ಹಚ್ಚುತ್ತಾರೆ. ದೀಪಾವಳಿಯ ಆಸುಪಾಸಿನಲ್ಲಿ ಹಾನಗಲ್ಲ, ಹಿರೇಕೆರೂರು ಕಡೆ ಕೊಬ್ಬರಿ ಹಾರ ಕಟ್ಟಿ ಬಿಡುವ ಹೋರಿಗಳಿಗೂ ಹೆಸರುಗಳುಂಟು. ಕೊಟ್ಟಿಗೆಯಲ್ಲಿ ‘ಅದು’ ಆಗಿದ್ದ ಹೋರಿ ಓಣಿಯಲ್ಲಿ ಹೆಸರು ಕೂಗಿಸಿಕೊಂಡು ಓಡುವಾಗ ‘ಬಂದ, ಬಂದ’ ಎಂಬ ಕೂಗಿಗೆ ಪಾತ್ರವಾಗುವುದನ್ನು ಕೇಳಬಹುದು. ಹಳೆಯ ವೈಯಾಕರಣರು ಪುನ್ನಪುಂಸಕ ಎಂಬೊಂದು ವರ್ಗವನ್ನೇ ಮಾಡಿ ‘ಸೂರ್ಯ ಹುಟ್ಟಿದ’, ‘ಸೂರ್ಯ ಹುಟ್ಟಿತು’ ಎರಡಕ್ಕೂ ಅವಕಾಶ ಕೊಟ್ಟರು. ಗ್ರಹಗಳಿಗೆ ಹೇಳಿದ ಆ ಮಾತು ಹೋರಿಗೂ ಸಲ್ಲುತ್ತದೆ.

ಅವರು ಮಾಡಿದ ಇನ್ನೊಂದು ವರ್ಗ ಸ್ತ್ರೀನಪುಂಸಕ: ‘ಹುಡುಗಿ ಬಂದಳು’, ‘ಹುಡುಗಿ ಬಂದಿತು’. ಉತ್ತರ ಕರ್ನಾಟಕದ ಮಾತಿನಲ್ಲಿ ಈ ಎರಡನೆಯ ರೂಪ ಬಹಳ ಪ್ರಬಲ. ಮಗಳು, ಸೊಸೆ, ತಂಗಿ, ಹೆಂಡತಿ ‘ಅದು’. ಅತ್ತೆ, ಹಿರಿಯಕ್ಕ ‘ಆಕಿ’ ಅಥವಾ ‘ಅವರು’. ಮಗ ಎಷ್ಟೇ ಚಿಕ್ಕವನಿದ್ದರೂ ಮಾತು ಕಲಿತ ಮೇಲೆ ‘ಅವ’. ತೆಲುಗಿನಲ್ಲಿ ಏಕವಚನದ ಹೆಣ್ಣು ಮತ್ತು ವಸ್ತು ಎರಡಕ್ಕೂ ಒಂದೇ ಕ್ರಿಯಾರೂಪವಿದೆ. ಭದ್ರಿರಾಜು ಕೃಷ್ಣಮೂರ್ತಿಯವರು ತಮ್ಮ 2003ರ ಗ್ರಂಥದಲ್ಲಿ ಮೂಲದ್ರಾವಿಡದಲ್ಲಿ ಗಂಡು ಮತ್ತು ಗಂಡಲ್ಲದ್ದು ಎಂಬ ಎರಡೇ ವಿಭಾಗವಿತ್ತೆಂದೂ ‘ಅವಳ್’ ಎಂಬ ರೂಪ ದಕ್ಷಿಣದ ಭಾಷೆಗಳಲ್ಲಿ ಆಮೇಲೆ ಬೆಳೆಯಿತೆಂದೂ ಪ್ರತಿಪಾದಿಸಿದ್ದಾರೆ. ಹಾಗಾದರೆ ತಿಳವಳ್ಳಿಯ ‘ಅದು’ ಆ ಪ್ರಾಚೀನ ವ್ಯವಸ್ಥೆಯ ಪಳೆಯುಳಿಕೆಯೇ? ಹಾಗೆ ಹೇಳುವ ಆಸೆ ಆಗುತ್ತದೆ, ಆದರೆ ನನಗದು ಒಪ್ಪಿಗೆಯಿಲ್ಲ. ಇದೇ ನಾಡಿನ ಶಾಸನಗಳು ರಾಣಿಯರಿಗೂ ಸತಿಯರಿಗೂ ‘ಆಕೆ’, ‘ಅವಳ್’ ಎಂಬ ರೂಪಗಳನ್ನು ಬಳಸಿವೆ; ಇಂದಿನ ಅದೇ ಮಾತುಗಾರ ಅತ್ತೆಗೆ ಒಂದು, ಸೊಸೆಗೆ ಒಂದು ರೂಪ ಆರಿಸಿಕೊಳ್ಳುತ್ತಾನೆ. ಆಯ್ಕೆಯಿದ್ದಲ್ಲಿ ಪಳೆಯುಳಿಕೆಯ ವಾದ ನಿಲ್ಲದು. ಇದು ವಯಸ್ಸು, ಸಲಿಗೆ, ಅಧಿಕಾರಗಳ ಲೆಕ್ಕಾಚಾರ. ಸಲಿಗೆಯ ಪ್ರೀತಿಯೂ ಅದರಲ್ಲಿದೆ ಎಂಬುದನ್ನು ಮರೆಯಬಾರದು; ಮುದ್ದಿನ ಮಗಳಿಗೆ ‘ಅವಳು’ ಎಂದರೆ ಈ ಕಡೆಯ ತಂದೆ ಸಿಟ್ಟಾಗಿದ್ದಾನೆಂದೇ ಅರ್ಥ. ಆದರೂ ಲೆಕ್ಕ ಒಂದು ಕಡೆಗೇ ವಾಲಿದೆ. ಹೆಂಡತಿ ಗಂಡನ ಹೆಸರನ್ನು ಒಡಪಿನಲ್ಲಿ ಬಚ್ಚಿಟ್ಟು ಹೇಳುತ್ತಾಳೆ, ಉಳಿದಂತೆ ‘ಅವರು’ ಎನ್ನುತ್ತಾಳೆ. ಆತ ಆಕೆಯನ್ನು ‘ಅದನ್ನ’ ಕರಿ ಎನ್ನುತ್ತಾನೆ. ಫ್ರೆಂಚಿನಲ್ಲಿ ನಪುಂಸಕದ ಕೆಲಸವನ್ನು ಗಂಡು ವಹಿಸಿಕೊಂಡಿತು. ನಮ್ಮ ಸೀಮೆಯಲ್ಲಿ ಹೆಣ್ಣಿನ ಜಾಗವನ್ನು ನಪುಂಸಕ ತೆಗೆದುಕೊಂಡಿತು. ಎರಡೂ ಕಡೆ ತನ್ನ ಗುರುತನ್ನು ಕಳೆದುಕೊಳ್ಳದೆ ಉಳಿದದ್ದು ಪುಲ್ಲಿಂಗವೇ.

ಎ.ಕೆ. ರಾಮಾನುಜನ್ ಅವರು ಕನ್ನಡದಿಂದ ಇಂಗ್ಲಿಷಿಗೆ ತಂದ, 1997ರಲ್ಲಿ ಅವರ ಮರಣಾನಂತರ ಪ್ರಕಟವಾದ ಜನಪದ ಕಥೆಗಳ ಸಂಕಲನಕ್ಕೆ ಹೂ ಬಿಡುವ ಮರದ ಕಥೆಯ ಹೆಸರೇ ಇದೆ. ಗಿರೀಶ ಕಾರ್ನಾಡರ ‘ಚೆಲುವಿ’ (1992) ಚಿತ್ರಕ್ಕೂ ಅದೇ ಕಥೆ ಆಧಾರ. ಹುಡುಗಿಯೊಬ್ಬಳು ಗಿಡವಾಗಿ ಹೂ ಕೊಡುತ್ತಾಳೆ, ಮತ್ತೆ ಹುಡುಗಿಯಾಗುತ್ತಾಳೆ. ಗಿಡವಾಗಿದ್ದಾಗ ಮುರಿದ ರೆಂಬೆಗಳ ಗಾಯ ಮನುಷ್ಯದೇಹಕ್ಕೆ ಉಳಿಯುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಈ ಕಥೆ ಹೇಳಿದರೆ ಹುಡುಗಿಯೂ ‘ಅದು’, ಗಿಡವೂ ‘ಅದು’. ಎಲ್ಲಿ ಹುಡುಗಿ ಮುಗಿದು ಗಿಡ ತೊಡಗಿತೆಂಬುದು ಸರ್ವನಾಮದಿಂದ ತಿಳಿಯುವುದೇ ಇಲ್ಲ, ಕಥೆಯ ಶಕ್ತಿಯೂ ಕ್ರೌರ್ಯವೂ ಅಲ್ಲೇ ಇದೆ. ಶಿಷ್ಟ ಕನ್ನಡಕ್ಕೆ ತಂದರೆ ‘ಅವಳು’ ಮತ್ತು ‘ಅದು’ ಎಂಬ ಗೆರೆ ಬೀಳುತ್ತದೆ. ಫ್ರೆಂಚಿಗೆ ಒಯ್ದರೆ ಇನ್ನೂ ವಿಚಿತ್ರ: ಅಲ್ಲಿ ಮರ ಎಂಬ ಪದ ಪುಲ್ಲಿಂಗ. ಹುಡುಗಿ ಮರವಾದ ಕೂಡಲೇ, ರೆಂಬೆ ಮುರಿಯುವವರು ಮುರಿಯುವುದು ‘ಲ’ವನ್ನು, ಅಂದರೆ ವ್ಯಾಕರಣದ ಮಟ್ಟಿಗೆ ‘ಅವನನ್ನು’. ಸ್ವರದ ಮುಂದೆ ‘ಲ’ ತನ್ನ ಸ್ವರವನ್ನು ಕಳೆದುಕೊಂಡು ಗಂಡು-ಹೆಣ್ಣಿನ ಗುರುತನ್ನು ಮರೆಮಾಡುತ್ತದೆ ಎಂಬುದೊಂದೇ ಅನುವಾದಕನಿಗೆ ಸಿಗುವ ಆಶ್ರಯ.

ಈಗ ಸಂಗ್ರಹ-ಸಂಪಾದನೆಯ ಪ್ರಶ್ನೆಗೆ ಬರಬೇಕು. ಹಳಗನ್ನಡದ ‘ಅವನಂ’ ಹೊಸಗನ್ನಡದ ಬರಹದಲ್ಲಿ ‘ಅವನನ್ನು’ ಆಯಿತು. ಮಾತಿನಲ್ಲಿ ಎರಡು ನಕಾರಗಳು ಒಂದಾಗಿ ‘ಅವನ್ನ’ ಆಯಿತು. ಇತ್ತ ‘ಅವು’ ಎಂಬ ನಪುಂಸಕ ಬಹುವಚನದ ದ್ವಿತೀಯೆ ಬರಹದಲ್ಲಿ ‘ಅವನ್ನು’, ಮಾತಿನಲ್ಲಿ ಅದೂ ‘ಅವನ್ನ’. ಹೀಗೆ ‘ಅವನ್ನ ಹೊಡದ’ ಎಂದರೆ ಮನುಷ್ಯನೊಬ್ಬನನ್ನು ಹೊಡೆದನೆಂದೂ ಆಗಬಹುದು, ದನಗಳನ್ನು ಹೊಡೆದನೆಂದೂ ಆಗಬಹುದು. ಕೇಳುವವರಿಗೆ ತೊಂದರೆಯಿಲ್ಲ. ಮುಂದಿನ ಕ್ರಿಯಾಪದವೇ ಬಿಡಿಸಿ ಹೇಳುತ್ತದೆ: ‘ಕರಕೊಂಡು ಬಂದ’ ಎಂದರೆ ಮನುಷ್ಯ, ‘ಹೊಡಕೊಂಡು ಬಂದ’ ಎಂದರೆ ದನ. ಕಾಗದದ ಮೇಲೆ ಮಾತ್ರ ತೊಂದರೆ. 1931ರ ‘ಗರತಿಯ ಹಾಡು’ ಸಂಕಲನದಿಂದ ಮೊದಲುಗೊಂಡು, ಬಿ.ಎಸ್. ಗದ್ದಗಿಮಠರ ಸಂಶೋಧನೆಯ ಕಾಲದಿಂದೀಚೆಗೆ ಈ ಭಾಗದ ಹಾಡುಗಳಿಗೆ ಛಂದಸ್ಸಿನ ರಕ್ಷಣೆ ಸಿಕ್ಕಿತು; ಒಂದು ಅಕ್ಷರ ಹೆಚ್ಚಿಸಿದರೆ ತ್ರಿಪದಿ ಕುಂಟುತ್ತದೆ, ಆದ್ದರಿಂದ ಸಂಪಾದಕ ಕೈ ಹಚ್ಚಲಾರ. ಗದ್ಯಕಥೆಗಳಿಗೆ ಆ ಕಾವಲಿಲ್ಲ. ‘ಅವನ್ನ’ ಎಂಬುದನ್ನು ಒಬ್ಬರು ‘ಅವನನ್ನು’ ಎಂದು ತಿದ್ದುತ್ತಾರೆ, ಇನ್ನೊಬ್ಬರು ‘ಅವುಗಳನ್ನು’ ಎಂದು ತಿದ್ದುತ್ತಾರೆ. ‘ಅದನ್ನ ಕರಿ’ ಎಂಬ ಹೆಂಡತಿಯ ಕರೆ ‘ಅವಳನ್ನು ಕರೆ’ ಎಂದು ಮರ್ಯಾದೆ ಪಡೆಯುತ್ತದೆ. ಮರ್ಯಾದೆ ಬಂದದ್ದು ಪುಸ್ತಕಕ್ಕೆ ಮಾತ್ರ. ಆ ಮನೆಯಲ್ಲಿ ಆಕೆಗೆ ಯಾವ ಸ್ಥಾನವಿತ್ತೆಂದು ತಿಳಿಯಲು ಇದ್ದ ಸಾಕ್ಷಿಯೊಂದು ಅಳಿಸಿಹೋಗುತ್ತದೆ.

ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು 2000ದಲ್ಲಿ ವಾದಿಸಿದಾಗ ಚರ್ಚೆ ಬಹುಪಾಲು ಸಂಸ್ಕೃತದ ಚೌಕಟ್ಟಿನ ಸುತ್ತಲೇ ನಡೆಯಿತು. ಶಿಷ್ಟ ಕನ್ನಡದ ಚೌಕಟ್ಟೂ ಪ್ರಾದೇಶಿಕ ಮಾತಿನ ಮೇಲೆ ಅಷ್ಟೇ ಭಾರವಾಗಿ ಕೂತಿದೆ. 2011ರಲ್ಲಿ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಈ ಸೀಮೆಯ ಕಥೆಗಳನ್ನು ಧ್ವನಿಮುದ್ರಿಸುವುದು ಹಿಂದಿನಷ್ಟು ಕಷ್ಟದ ಕೆಲಸವಲ್ಲ. ಮುದ್ರಿಕೆಯನ್ನು ಅಕ್ಷರಕ್ಕಿಳಿಸುವವರು ‘ಅವನ್ನ’ ಎಂಬುದನ್ನು ‘ಅವನ್ನ’ ಎಂದೇ ಬರೆದು, ಅರ್ಥವನ್ನು ಅಡಿಯಲ್ಲಿ ಸೂಚಿಸಬಹುದು. ‘ಅದನ್ನ’ ಎಂದಲ್ಲಿ ಹೇಳಿದವರು ಗಂಡಸೋ ಹೆಂಗಸೋ, ಸೂಚಿತಳು ಮಗಳೋ ಸೊಸೆಯೋ ಎಂಬುದನ್ನು ಪಕ್ಕದಲ್ಲಿ ನಮೂದಿಸಬಹುದು. ಹೆಂಗಸರೇ ಹೆಂಗಸರಿಗೆ ಕಥೆ ಹೇಳುವಾಗ ‘ಅದು’ ಎಷ್ಟು ಬಾರಿ ಬರುತ್ತದೆ, ‘ಆಕಿ’ ಎಷ್ಟು ಬಾರಿ ಬರುತ್ತದೆ ಎಂಬ ಎಣಿಕೆ ಮೊದಲು ಆಗಬೇಕಾದ ಕೆಲಸ. ಅತ್ತೆಯ ಪಾತ್ರ ಮಾತಾಡುವ ವಾಕ್ಯಗಳನ್ನು ಅದರಲ್ಲಿ ಬೇರೆಯಾಗಿಯೇ ಎಣಿಸಬೇಕು.